ಮಲೆನಾಡಿನ ಮಳೆಗಾಲದಲ್ಲಿ ರೋಮನ್ ಕಂಚಿನ ನಾಣ್ಯ ಉಳಿಸಿಕೊಳ್ಳುವುದು

4ನೇ ಶತಮಾನದ ಚಿಕ್ಕ ರೋಮನ್ ನಾಣ್ಯ ಕೊಂಡಿರಾ? ಮೊದಲಿಗೆ, ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಅದು ದೇವರಮನೆಯ ತಂಬಿಗೆ ಅಲ್ಲ. ಮೇಲಿನ ಹಸಿರು-ಕಂದು ಪದರ ಕಿತ್ತರೆ ಅಕ್ಷರವೂ ಹೋಯ್ತು, ಬೆಲೆಯೂ ಹೋಯ್ತು.

ಮಣ್ಣು ಮೆತ್ತಿದ್ದರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಸಿ, ಆಗಾಗ ನೀರು ಬದಲಿಸುತ್ತಾ ಮೆತ್ತನೆಯ ಬ್ರಷ್‌ನಿಂದ ಉಜ್ಜಿ. ವಾರಗಟ್ಟಲೆ ಹಿಡಿಯಬಹುದು. ನಲ್ಲಿ ನೀರು ಬೇಡ, ಅದರಲ್ಲಿ ಲೋಹ ತಿನ್ನುವ ಕ್ಲೋರೈಡ್ ಎಂಬ ಉಪ್ಪಿನಂಶ ಇರುತ್ತದೆ.

ನಮ್ಮ ಕಡೆ ನಿಜವಾದ ಶತ್ರು ತೇವ. ತೀರ್ಥಹಳ್ಳಿ, ಆಗುಂಬೆ ಕಡೆಯವರಿಗೆ ಹೇಳಬೇಕಾ, ಜುಲೈನಲ್ಲಿ ಬೀರುವಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ! ನಾಣ್ಯದೊಳಗೆ ಉಳಿದ ಕ್ಲೋರೈಡ್‌ಗೆ ತೇವ ಸಿಕ್ಕರೆ ಲೋಹ ತಿನ್ನುತ್ತಲೇ ಹೋಗುತ್ತದೆ, ಇದಕ್ಕೆ ಬ್ರಾಂಜ್ ಡಿಸೀಸ್ ಅಂತಾರೆ. ಗಟ್ಟಿ ಹಸಿರಾದರೆ ಚಿಂತೆ ಇಲ್ಲ. ಕಡ್ಡಿಯಿಂದ ಮೆಲ್ಲಗೆ ಕೆರೆದಾಗ ತಿಳಿ ಹಸಿರು ಪುಡಿ ಉದುರಿದರೆ ಆ ನಾಣ್ಯವನ್ನು ಬೇರೆ ಇಡಿ, ಪುಡಿ ತೆಗೆದು ಮತ್ತೆ ನೆನೆಸಿ, ಪೂರ್ತಿ ಒಣಗಿಸಿ. ಆಮೇಲೆ ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಕವರ್ ಮಾತ್ರ ಬೇಡವೇ ಬೇಡ, ಕಾಲ ಕಳೆದಂತೆ ಅಂಟು ಬಿಡುತ್ತದೆ.

ಗುರುತಿಸುವುದು ಮಜಾ. ಹಿಂಬದಿಯಲ್ಲಿ ಇಬ್ಬರು ಸೈನಿಕರು, ನಡುವೆ ಧ್ವಜದ ಕಂಬ ಇದ್ದರೆ ಅದು ‘ಗ್ಲೋರಿಯಾ ಎಕ್ಸರ್ಸಿಟಸ್’, ಅಂದರೆ ಸೈನ್ಯದ ಕೀರ್ತಿ. ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕಾಲದಲ್ಲಿ ಸುಮಾರು ಕ್ರಿ.ಶ. 330ರಿಂದ ಟಂಕಿಸಿದ್ದು. ಕಂಬ ಎರಡಿದ್ದರೆ ಹಳೆಯದು, ಒಂದೇ ಇದ್ದರೆ ಸ್ವಲ್ಪ ಈಚಿನದು. ಕೆಳಗಿನ ಪುಟ್ಟ ಅಕ್ಷರಗಳು ಟಂಕಸಾಲೆಯ ಊರು ಹೇಳುತ್ತವೆ. ಅದನ್ನು ಓದಲು ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದು, ದೀಪವನ್ನು ಪಕ್ಕದಿಂದ ಬಿಡಿ.