ಮೋಟೋಕ್ರಾಸ್ ಬೈಕನ್ನು ದಟ್ಟ ಕಾಡಿನ ಕಿರುದಾರಿಗೆ ಹದಗೊಳಿಸುವುದು

ಮೋಟೋಕ್ರಾಸ್ ಬೈಕು ತಯಾರಾಗುವುದು ಅಗಲವಾದ ಮಣ್ಣಿನ ಟ್ರ್ಯಾಕಿಗಾಗಿ. ದಿಬ್ಬದಿಂದ ಹಾರಿ ನೆಲಕ್ಕಿಳಿಯುವ ಪೆಟ್ಟನ್ನು ತಾಳಲೆಂದು ಅದರ ಸಸ್ಪೆನ್ಷನ್ ಬಿರುಸಾಗಿರುತ್ತದೆ, ಎಂಜಿನ್ನಿನ ಬಲ ಮೇಲಿನ ಆರ್‌ಪಿಎಂನಲ್ಲಿ ಒಮ್ಮೆಲೇ ನುಗ್ಗಿ ಬರುತ್ತದೆ, ಗೇರುಗಳ ಅನುಪಾತ ಒಂದಕ್ಕೊಂದು ಹತ್ತಿರವಿರುತ್ತದೆ. ಅಮೆರಿಕದ ಪೂರ್ವ ಭಾಗದಲ್ಲಿ, ಜಿಎನ್‌ಸಿಸಿ ಎಂಬ ಕಾಡುದಾರಿಯ ಬೈಕ್ ಪಂದ್ಯಗಳು ನಡೆಯುವ ವೆಸ್ಟ್ ವರ್ಜೀನಿಯಾದಂಥ ರಾಜ್ಯಗಳ ಕಾಡುಗಳಲ್ಲಿ, ಎರಡು ಮರಗಳ ನಡುವೆ ಹ್ಯಾಂಡಲ್ ತೂರುವಷ್ಟೇ ಜಾಗವಿರುವ, ಒದ್ದೆ ಬೇರು ಮತ್ತು ಪಾಚಿಗಲ್ಲುಗಳ ದಾರಿಗೆ ಬಂದಾಗ ಈ ಮೂರು ಗುಣಗಳೂ ಸವಾರನಿಗೆ ತೊಡಕಾಗುತ್ತವೆ. ಆದ್ದರಿಂದ ಇಲ್ಲಿ ಮಾಡಬೇಕಾದದ್ದು ಬೈಕಿನ ಬಿರುಸನ್ನು ತಗ್ಗಿಸುವ ಕೆಲಸ; ಬಲ ಹೆಚ್ಚಿಸುವ ಬಿಡಿಭಾಗಗಳಿಗೆ ಹಣ ಸುರಿಯುವ ಅಗತ್ಯವೇ ಇಲ್ಲ. ಯಮಾಹಾ ತನ್ನ ವೈಝಡ್250 ಬೈಕಿನಿಂದ 2016ರ ಮಾದರಿಯಾಗಿ ಕಾಡಿನ ಪಂದ್ಯಕ್ಕೆಂದೇ ವೈಝಡ್250ಎಕ್ಸ್ ರೂಪಿಸಿದಾಗ ಇದನ್ನೇ ಮಾಡಿತು: ಎಂಜಿನ್ನಿನ ಕಂಪ್ರೆಷನ್ ಇಳಿಸಿತು, ಗೇರುಗಳ ಅಂತರವನ್ನು ಹಿಗ್ಗಿಸಿತು, ಸಸ್ಪೆನ್ಷನ್ ಮೃದು ಮಾಡಿತು, ಹಿಂದೆ 19 ಇಂಚಿನ ಬದಲು 18 ಇಂಚಿನ ಚಕ್ರ ಕೂರಿಸಿತು.

ಮೊದಲ ಗಮನ ಸಸ್ಪೆನ್ಷನ್ ಕಡೆಗಿರಲಿ, ಏಕೆಂದರೆ ಉಳಿದೆಲ್ಲ ಬದಲಾವಣೆಗಳ ಫಲ ಇದರ ಮೇಲೆ ನಿಂತಿದೆ. ಬೈಕನ್ನು ಸ್ಟ್ಯಾಂಡಿನ ಮೇಲೇರಿಸಿ, ಹಿಂದಿನ ಚಕ್ರ ನೆಲದಿಂದ ಮೇಲಿರುವಾಗ ಆಕ್ಸಲ್‌ನಿಂದ ನೇರ ಮೇಲಕ್ಕೆ ಮಡ್‌ಗಾರ್ಡಿನ ಮೇಲೆ ಗುರುತು ಹಾಕಿದ ಜಾಗದವರೆಗೆ ಅಳೆದುಕೊಳ್ಳಿ. ಬಳಿಕ ಸ್ಟ್ಯಾಂಡಿನಿಂದ ಇಳಿಸಿ, ಬೂಟು, ಹೆಲ್ಮೆಟ್ ಸಹಿತ ಫುಟ್‌ಪೆಗ್ಗಿನ ಮೇಲೆ ನಿಂತು, ಇನ್ನೊಬ್ಬರ ಕೈಯಲ್ಲಿ ಅದೇ ಅಳತೆ ತೆಗೆಸಿ. ಎರಡರ ವ್ಯತ್ಯಾಸ 100ರಿಂದ 105 ಮಿ.ಮೀ. ಇರಬೇಕು, ಇದನ್ನು ರೈಡರ್ ಸ್ಯಾಗ್ ಎನ್ನುತ್ತಾರೆ. ಸ್ಪ್ರಿಂಗನ್ನು ಮೊದಲೇ ಅದುಮಿಡುವ ಹೊಂದಿಕೆಯನ್ನು, ಅಂದರೆ ಪ್ರಿಲೋಡನ್ನು, ಬಿಗಿದು ಇಲ್ಲವೇ ಸಡಿಲಿಸಿ ಅದನ್ನು ಸರಿಪಡಿಸಿದ ಮೇಲೆ ಸವಾರ ಕೆಳಗಿಳಿದು, ಬೈಕು ತನ್ನ ಭಾರಕ್ಕೆ ತಾನೇ ಎಷ್ಟು ತಗ್ಗುತ್ತದೆ ಎಂಬುದನ್ನು ನೋಡಬೇಕು: ಸುಮಾರು 30ರಿಂದ 40 ಮಿ.ಮೀ. ತಗ್ಗಿದರೆ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಒಪ್ಪುತ್ತದೆ. ಇಲ್ಲಿ ಹಲವರು ತಲೆಕೆಳಗಾಗಿ ಅರ್ಥ ಮಾಡಿಕೊಳ್ಳುತ್ತಾರೆ. ರೈಡರ್ ಸ್ಯಾಗ್ ಸರಿಯಿದ್ದೂ ಬೈಕು ತನ್ನ ಭಾರಕ್ಕೆ ತೀರಾ ಕಡಿಮೆ ತಗ್ಗಿದರೆ ಸ್ಪ್ರಿಂಗ್ ಗಟ್ಟಿಯೆಂದಲ್ಲ, ಮೆದುವೆಂದು ಅರ್ಥ. ಮೆದು ಸ್ಪ್ರಿಂಗಿನಿಂದ ನಿಮ್ಮ ತೂಕ ಹೊರಿಸಲು ಅದನ್ನು ಪ್ರಿಲೋಡ್‌ನಲ್ಲಿ ಅತಿಯಾಗಿ ಬಿಗಿಯಬೇಕಾಗಿ ಬಂದಿದೆ.

ಸ್ಪ್ರಿಂಗ್ ಹೊಂದಿದ ನಂತರ ಮುಂದಿನ ಫೋರ್ಕಿನ ಮತ್ತು ಹಿಂದಿನ ಶಾಕಿನ ಕಂಪ್ರೆಷನ್ ಕ್ಲಿಕ್ಕರನ್ನು (ಅವು ಕುಗ್ಗುವ ವೇಗವನ್ನು ತಿದ್ದುವ ತಿರುಪನ್ನು) ಎರಡೆರಡು ಕ್ಲಿಕ್ಕಿನಂತೆ ಸಡಿಲಿಸುತ್ತಾ ಹೋಗಿ. ಆದರೆ ಕ್ಲಿಕ್ಕರಿನಿಂದ ಎಲ್ಲವೂ ಸಾಧ್ಯವಿಲ್ಲ. ಬೈಕು ನಿಧಾನವಾಗಿ ಸಾಗುತ್ತಿದ್ದರೂ ಚಕ್ರ ಬೇರಿಗೆ ಬಡಿದಾಗ ಫೋರ್ಕ್ ಒಳಗಿನ ಚಲನೆ ಬಹಳ ವೇಗದ್ದಾಗಿರುತ್ತದೆ, ಕ್ಲಿಕ್ಕರ್ ಮಾತ್ರ ಹೆಚ್ಚಾಗಿ ನಿಧಾನದ ಚಲನೆಯನ್ನೇ ತಿದ್ದುತ್ತದೆ. ಅಂಗೈ ಉರಿದು ಮಣಿಕಟ್ಟು ನೋಯುವುದು ನಿಲ್ಲದಿದ್ದರೆ ಒಳಗಿನ ಎಣ್ಣೆಯ ಹರಿವನ್ನು ಹಿಡಿದಿಡುವ ತೆಳು ಬಿಲ್ಲೆಗಳನ್ನು, ಅಂದರೆ ವಾಲ್ವ್ ಶಿಮ್‌ಗಳನ್ನು, ಕಾಡಿನ ಸವಾರಿಗೆ ತಕ್ಕಂತೆ ಬದಲಿಸಿಕೊಡುವ ತಂತ್ರಜ್ಞರಿಗೆ ಒಪ್ಪಿಸುವುದು ಒಳ್ಳೆಯದು, ಮತ್ತು ನನ್ನ ಅಭಿಪ್ರಾಯದಲ್ಲಿ ಇಡೀ ಬೈಕಿನ ಮೇಲೆ ಮಾಡುವ ಖರ್ಚಿನಲ್ಲಿ ಇದೇ ಅತ್ಯಂತ ಸಾರ್ಥಕವಾದದ್ದು. ಕುಗ್ಗಿದ ಫೋರ್ಕ್ ಮತ್ತೆ ಚಾಚಿಕೊಳ್ಳುವ ವೇಗವನ್ನು, ಅಂದರೆ ರಿಬೌಂಡನ್ನು, ಅತಿ ನಿಧಾನಕ್ಕಿಟ್ಟರೆ ಸಾಲುಸಾಲು ಬೇರುಗಳ ಮೇಲೆ ಫೋರ್ಕ್ ಏಳುವ ಮುನ್ನವೇ ಮುಂದಿನ ಪೆಟ್ಟು ಬಿದ್ದು, ಅದು ಕುಗ್ಗಿದಲ್ಲೇ ಉಳಿಯುತ್ತದೆ.

ಗೇರಿನ ಲೆಕ್ಕ ಸರಳ: ಅನುಪಾತ ಹೆಚ್ಚಿದಷ್ಟೂ ನಿಧಾನ ಓಟದಲ್ಲಿ ಎಳೆತ ಹೆಚ್ಚು. ಮುಂದೆ 13, ಹಿಂದೆ 50 ಹಲ್ಲಿನ ಸ್ಪ್ರಾಕೆಟ್ ಇದ್ದರೆ ಅನುಪಾತ 3.85. ಮುಂದೆ ಒಂದು ಹಲ್ಲು ಇಳಿಸಿದರೆ ಅದು 4.17 ಆಗುತ್ತದೆ, ಹಿಂದೆ 54ಕ್ಕೆ ಏರಿಸಿದರೂ ಹೆಚ್ಚುಕಡಿಮೆ ಅಷ್ಟೇ. ಮುಂದಿನದು ಅಗ್ಗ, ಆದರೆ ಚಿಕ್ಕ ಸ್ಪ್ರಾಕೆಟ್ಟಿನಿಂದ ಚೈನೂ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರವನ್ನು ಹಿಡಿದ ತೋಳು) ಮೇಲಿನ ಚೈನ್ ಸ್ಲೈಡರೂ ಬೇಗ ಸವೆಯುತ್ತವೆ. ಆದ್ದರಿಂದ ಮೊದಲು ಹಿಂದೆ ಎರಡು ಹಲ್ಲು ಹೆಚ್ಚಿಸಿ ನೋಡಿ. ಎರಡನೇ ಗೇರಿನಲ್ಲೇ ಬಹುಪಾಲು ದಾರಿ ಕಳೆಯುವಂತಾಗಿ, ತಿರುವಿನಲ್ಲಿ ಪದೇಪದೇ ಕ್ಲಚ್ ಹಿಡಿಯುವುದು ತಪ್ಪಿದರೆ ಅಲ್ಲಿಗೆ ನಿಲ್ಲಿಸಬಹುದು. ಇಷ್ಟಾದರೂ ನಿಧಾನ ಓಟದಲ್ಲಿ ಎಂಜಿನ್ ಪದೇಪದೇ ಆಫ್ ಆಗುತ್ತಿದ್ದರೆ ಎಂಜಿನ್ನಿನೊಂದಿಗೆ ತಿರುಗುವ ಭಾರದ ಚಕ್ರವಾದ ಫ್ಲೈವೀಲಿಗೆ ಹೆಚ್ಚುವರಿ ತೂಕ ಸೇರಿಸುವುದು ಹಳೆಯ, ನಂಬಿಕೆಯ ಉಪಾಯ. ಬಲ ಕಡಿಮೆಯಾಗುವುದಿಲ್ಲ, ಎಂಜಿನ್ ಏರುವುದೂ ಇಳಿಯುವುದೂ ನಿಧಾನವಾಗಿ, ಒದ್ದೆ ಕಲ್ಲಿನ ಮೇಲೆ ಹಿಂದಿನ ಚಕ್ರ ಜಾರುವುದು ತಗ್ಗುತ್ತದೆ.

ಮೋಟೋಕ್ರಾಸ್ ಹ್ಯಾಂಡಲ್ ಸುಮಾರು 800 ಮಿ.ಮೀ. ಅಗಲವಿರುತ್ತದೆ. ಮರಗಳ ನಡುವೆ ತೂರಲೆಂದು ಅದನ್ನು ಕಿರಿದಾಗಿಸುವಾಗ ಒಂದೊಂದು ತುದಿಯಿಂದ ಒಮ್ಮೆಗೆ 10 ಮಿ.ಮೀ.ಗಿಂತ ಹೆಚ್ಚು ಕತ್ತರಿಸಬೇಡಿ. ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗುವುದಿಲ್ಲ, ತೀರಾ ಕಿರಿದಾದರೆ ತಿರುಗಿಸಲು ಹೆಚ್ಚು ಬಲ ಬೇಕಾಗುತ್ತದೆ. ತುದಿಯಿಂದ ಮಧ್ಯದವರೆಗೆ ಸುತ್ತುವರಿಯುವ ಅಲ್ಯೂಮಿನಿಯಂ ಹ್ಯಾಂಡ್‌ಗಾರ್ಡ್ ಕಡ್ಡಾಯವೆಂದೇ ತಿಳಿಯಿರಿ. ಅದನ್ನು ಬಿಗಿದ ಮೇಲೆ ಹ್ಯಾಂಡಲನ್ನು ಎಡಬಲ ಪೂರ್ತಿ ತಿರುಗಿಸಿ, ಎರಡೂ ಕೊನೆಗಳಲ್ಲಿ ಆಕ್ಸಿಲರೇಟರ್ ತಾನಾಗಿ ಹಿಂದಕ್ಕೆ ಚಿಮ್ಮುತ್ತದೆಯೇ ಎಂದು ನೋಡದೆ ಹೊರಡಬಾರದು. ಕ್ಲಚ್ ಮತ್ತು ಬ್ರೇಕ್ ಲಿವರುಗಳನ್ನು ಹ್ಯಾಂಡಲಿಗೆ ಬಿಗಿಯುವ ಕ್ಲ್ಯಾಂಪಿನ ಅಡಿಗೆ, ನಲ್ಲಿ ಜೋಡಿಸುವವರು ಬಳಸುವ ಟೆಫ್ಲಾನ್ ಟೇಪನ್ನು ಒಂದೆರಡು ಸುತ್ತು ಸುತ್ತಿ ಹದವಾಗಿ ಬಿಗಿದರೆ, ಬಿದ್ದಾಗ ಲಿವರ್ ಮುರಿಯದೆ ತಿರುಗಿಕೊಳ್ಳುತ್ತದೆ. ಎಂಜಿನ್ ಅಡಿಗೆ ಸ್ಕಿಡ್ ಪ್ಲೇಟ್, ರೇಡಿಯೇಟರ್‌ಗಳಿಗೆ ಗಾರ್ಡ್, ಟೂ-ಸ್ಟ್ರೋಕ್ ಆದರೆ ಎಕ್ಸಾಸ್ಟ್ ಪೈಪಿಗೂ ಒಂದು ಗಾರ್ಡ್ ಬೇಕು.

ಬಿಸಿಯಾಗುವುದು ಫೋರ್-ಸ್ಟ್ರೋಕ್ ಬೈಕುಗಳ ದೊಡ್ಡ ತಲೆನೋವು. ಟ್ರ್ಯಾಕಿನಲ್ಲಿ ವೇಗದ ಗಾಳಿಯೇ ತಣಿಸುತ್ತದೆಂದು ಮೋಟೋಕ್ರಾಸ್ ಬೈಕುಗಳಿಗೆ ಸಾಮಾನ್ಯವಾಗಿ ಫ್ಯಾನ್ ಇರುವುದಿಲ್ಲ. ಹೆಚ್ಚಿನ ಒತ್ತಡದ, ಅಂದರೆ 1.8 ಬಾರ್‌ನ ರೇಡಿಯೇಟರ್ ಮುಚ್ಚಳ ಹಾಕಿದರೆ ಕೂಲೆಂಟ್ ಕುದಿಯುವ ತಾಪಮಾನ ಮೇಲೇರುತ್ತದೆ. ಫ್ಯಾನ್ ಜೋಡಿಸಿದರೆ ಇನ್ನೂ ನೆಮ್ಮದಿ. ಬಿಸಿ ಇರುವಾಗ ಆ ಮುಚ್ಚಳಕ್ಕೆ ಕೈ ಹಾಕಬಾರದು.

ಹಿಂದೆ 18 ಇಂಚಿನ ಚಕ್ರ ಸಿಕ್ಕರೆ ಟೈರಿನ ಪಕ್ಕದ ಎತ್ತರ ಹೆಚ್ಚಾಗಿ ಕಲ್ಲಿನ ಪೆಟ್ಟಿಗೆ ರಿಮ್ ಬಾಗುವುದು ಕಡಿಮೆಯಾಗುತ್ತದೆ. ಸಿಗದಿದ್ದರೆ 19 ಇಂಚಿನಲ್ಲೇ ದಪ್ಪ ಟ್ಯೂಬ್ ಹಾಕಿ, ಗಾಳಿಯನ್ನು 12ರಿಂದ 13 ಪಿಎಸ್‌ಐಗೆ ಇಟ್ಟುಕೊಂಡು, ಟೈರು ರಿಮ್ಮಿನ ಮೇಲೆ ಜಾರದಂತೆ ಹಿಡಿಯುವ ರಿಮ್ ಲಾಕ್ ಬಿಗಿಯಿರಿ.

ಅಮೆರಿಕದ ರಾಷ್ಟ್ರೀಯ ಅರಣ್ಯಗಳಲ್ಲಿ ಸೈಲೆನ್ಸರಿಗೆ ಕಿಡಿ ತಡೆಯುವ ಸ್ಪಾರ್ಕ್ ಅರೆಸ್ಟರ್ ಇರಲೇಬೇಕು, ಟ್ರ್ಯಾಕಿನ ಬೈಕಿಗೆ ಅದು ಬಂದಿರುವುದಿಲ್ಲ. ನಮ್ಮಲ್ಲಿ ಇಂಥ ಬೈಕುಗಳಿಗೆ ರಸ್ತೆ ನೋಂದಣಿಯೂ ಇಲ್ಲ, ಮೀಸಲು ಅರಣ್ಯದೊಳಗೆ ಓಡಿಸುವಂತೆಯೂ ಇಲ್ಲ. ಮಲೆನಾಡಿನಲ್ಲಿ ಆಸೆಪಡುವವರು ಮಾಲೀಕರ ಒಪ್ಪಿಗೆ ಪಡೆದು ಖಾಸಗಿ ತೋಟಕ್ಕೆ ಬೈಕನ್ನು ಪಿಕಪ್‌ನಲ್ಲಿ ಸಾಗಿಸಬೇಕು.

ಪರೀಕ್ಷೆಗೆ ಅರ್ಧ ಗಂಟೆಯಲ್ಲಿ ಮುಗಿಯುವ ಒಂದೇ ಸುತ್ತುದಾರಿಯನ್ನು ಆರಿಸಿಕೊಂಡು, ಪ್ರತಿ ಸಲ ಒಂದನ್ನು ಮಾತ್ರ ಬದಲಿಸಿ, ಕ್ಲಿಕ್ಕರಿನ ಎಣಿಕೆಯನ್ನು ಬರೆದಿಟ್ಟುಕೊಳ್ಳಿ. ಎಣಿಕೆಯನ್ನು ಪೂರ್ತಿ ಬಿಗಿದ ಸ್ಥಾನದಿಂದ ಶುರುಮಾಡಬೇಕು. ಮೊದಲ ಓಟ ಮುಗಿದೊಡನೆ ಚಕ್ರದ ಕಡ್ಡಿಗಳನ್ನೂ ಹೊಸದಾಗಿ ಹಾಕಿದ ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿದು ನೋಡಿ.