ನಾಲ್ಕು ದಿನ ಕರೆಂಟ್ ಬರೋದಿಲ್ಲ ಅಂದುಕೊಂಡೇ ಶುರು ಮಾಡಿ

ಪುನರ್ವಸು ಮಳೆ ಹಿಡಿದು, ನಡುರಾತ್ರಿ ಗಾಳಿ ಎದ್ದು, ಗುಡ್ಡದ ಕಡೆ ಎಲ್ಲೋ ಲಟಲಟ ಅಂತ ಮರ ಮುರಿದ ಸದ್ದಿನ ಹಿಂದೆಯೇ ಕರೆಂಟ್ ಹೋದರೆ ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ ಕಡೆಯವರಿಗೆ ಬೇರೆ ವಿವರ ಬೇಕಾಗಿಲ್ಲ. ಅದು ಬೆಳಿಗ್ಗೆ ಬರುವ ಕರೆಂಟ್ ಅಲ್ಲ. ನಮ್ಮ 11 ಕೆವಿ ಲೈನ್ ಬರುವುದೇ ಕಾಡು, ತೋಟ ದಾಟಿಕೊಂಡು. ಒಂದು ಸಿಲ್ವರ್ ಓಕ್ ತಂತಿ ಮೇಲೆ ಬಿದ್ದರೆ ಸಾಲಾಗಿ ಮೂರ್ನಾಲ್ಕು ಕಂಬವನ್ನೂ ಎಳೆದುಕೊಂಡು ಮಲಗುತ್ತದೆ.

ಅದಕ್ಕೇ, ಹೋದ ತಕ್ಷಣ ನಾಲ್ಕು ದಿನ ಇಲ್ಲ ಅಂತ ಲೆಕ್ಕ ಹಾಕಿ. ಈಗ ಬರುತ್ತೆ, ಆಗ ಬರುತ್ತೆ ಅಂತ ಕೂತವರ ಇನ್ವರ್ಟರ್ ಮೊದಲ ರಾತ್ರಿಯೇ ಕುಂಯ್ ಅಂತ ಕೂಗಿ ಮಲಗುತ್ತದೆ. ನಮ್ಮನೆಯದೂ ಒಂದು ವರ್ಷ ಹಾಗೇ ಮಲಗಿತು. ಮಕ್ಕಳ ಒದ್ದೆ ಯೂನಿಫಾರಂ ಒಣಗಲಿ ಅಂತ ರಾತ್ರಿಯಿಡೀ ಫ್ಯಾನ್ ಹಾಕಿಟ್ಟಿದ್ದೆವು. ಮಾರನೇ ದಿನ ಶಾಲೆಗೆ ರಜೆ ಕೊಟ್ಟರು, ಅದು ಬೇರೆ ಮಾತು.

150 ಎಎಚ್, 12 ವೋಲ್ಟ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್ ಅವರ್ ಇರುತ್ತದೆ. ಕೈಗೆ ಸಿಗುವುದು 1200ರ ಆಸುಪಾಸು, ಬ್ಯಾಟರಿ ಹಳೆಯದಾದರೆ ಇನ್ನೂ ಕಡಿಮೆ. 75 ವ್ಯಾಟಿನ ಒಂದು ಫ್ಯಾನ್ ಅದನ್ನು 16 ಗಂಟೆಯಲ್ಲಿ ಕುಡಿದು ಮುಗಿಸುತ್ತದೆ. ಅದೇ 9 ವ್ಯಾಟಿನ ಎರಡು ಎಲ್‌ಇಡಿ ಬಲ್ಬ್ ಸಂಜೆ ನಾಲ್ಕು ಗಂಟೆ ಉರಿದರೆ ಖರ್ಚು ಬರೀ 72. ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ: ಏನೂ ಹಾಕದೆ ಸುಮ್ನೆ ಆನ್ ಇದ್ದರೂ ಇನ್ವರ್ಟರ್ ತನ್ನ ಪಾಡಿಗೆ ಬ್ಯಾಟರಿ ತಿನ್ನುತ್ತಿರುತ್ತದೆ. ಮಲಗುವಾಗ ಅದರ ಬಟನ್ನನ್ನೇ ಆಫ್ ಮಾಡಿ, ಟಾರ್ಚ್ ತಲೆದಿಂಬಿನ ಹತ್ತಿರ ಇಟ್ಟುಕೊಳ್ಳಿ.

ಫೋನಿಗೂ ಇದೇ ಮಾತು. ಟವರಿನ ಬ್ಯಾಟರಿ, ಡೀಸೆಲ್ ಮುಗಿದ ಮೇಲೆ ಫೋನ್ ಸಿಗ್ನಲ್ ಹುಡುಕುತ್ತಲೇ ಚಾರ್ಜ್ ಕಳೆಯುತ್ತದೆ, ಏರೋಪ್ಲೇನ್ ಮೋಡಿಗೆ ಹಾಕಿಡಿ.

ಕತ್ತಲೆಗಿಂತ ನೀರಿನದು ದೊಡ್ಡ ತಲೆನೋವು. ಅಬ್ಬಿ ನೀರು, ಅಂದರೆ ಗುಡ್ಡದಿಂದ ತಾನಾಗಿ ಹರಿದು ಬರುವ ನೀರು ಇರುವ ಮನೆಯವರು ಪುಣ್ಯವಂತರು, ಉಳಿದವರು ಟ್ಯಾಂಕಿನ ನೀರನ್ನು ಅಡುಗೆಗೆ, ಕುಡಿಯುವುದಕ್ಕೆ ಅಂತ ಎತ್ತಿಡಿ. ಪಾತ್ರೆಗೆ, ಟಾಯ್ಲೆಟ್ಟಿಗೆ ಸೂರಿನ ಕೆಳಗೆ ಹಂಡೆ ಇಟ್ಟರೆ ಸಾಕು, ಆ ಮಳೆಗೆ ಹತ್ತು ನಿಮಿಷದಲ್ಲಿ ತುಂಬುತ್ತದೆ. ಬಾವಿಯ ರಾಟೆಗೆ ಹಗ್ಗ ಇದೆಯಾ ಅಂತ ಮೇ ತಿಂಗಳಲ್ಲೇ ನೋಡಿಕೊಳ್ಳಬೇಕು. ನಮ್ಮ ಹಗ್ಗ ಕರುವಿನ ಕುತ್ತಿಗೆಯಲ್ಲಿತ್ತು.

ಫ್ರಿಜ್ ಬಾಗಿಲು ತೆಗೆಯದಿದ್ದರೆ ಸುಮಾರು ನಾಲ್ಕು ಗಂಟೆ ತಂಪು ಉಳಿಯುತ್ತದೆ. ಅಷ್ಟರೊಳಗೆ ಹಾಲು ಕಾಯಿಸಿ ಹೆಪ್ಪು ಹಾಕಿ. ಮಿಕ್ಸಿ ಇಲ್ಲದಿದ್ದರೆ ಒರಳಿದೆ, ತಂಬುಳಿ ಅದರಲ್ಲೇ ಚೆನ್ನ.

ತಂತಿ ಬಿದ್ದಿದ್ದರೆ ಮಾತ್ರ ಧೈರ್ಯ ತೋರಿಸಬೇಡಿ. ಕನಿಷ್ಠ ಹತ್ತು ಮೀಟರ್ ದೂರ ಇರಿ, ದನ ಬಿಡಬೇಡಿ, ತಂತಿಗೆ ತಾಗಿರುವ ಬೇಲಿಯನ್ನೂ ಮುಟ್ಟಬೇಡಿ. ಊರಿಗೇ ಕರೆಂಟ್ ಇಲ್ಲ, ಇದರಲ್ಲೇನಿರುತ್ತೆ ಅನ್ನುವ ಮಾತು ನಂಬುವಂಥದ್ದಲ್ಲ. ಯಾರೋ ಚೇಂಜ್‌ಓವರ್ ಸ್ವಿಚ್ (ಲೈನ್ ಅಥವಾ ಜನರೇಟರ್, ಎರಡರಲ್ಲಿ ಒಂದನ್ನೇ ಮನೆಗೆ ಕೊಡುವ ಸ್ವಿಚ್) ಇಲ್ಲದೆ ಜನರೇಟರನ್ನು ನೇರವಾಗಿ ಮನೆ ವೈರಿಂಗಿಗೆ ಕೊಟ್ಟಿದ್ದರೆ ಅದು ಉಲ್ಟಾ ಹರಿದು ಟಿಸಿ (ಟ್ರಾನ್ಸ್‌ಫಾರ್ಮರ್) ಮೂಲಕ ಅದೇ 11 ಕೆವಿ ಲೈನಿಗೆ ಏರುತ್ತದೆ, ಕಂಬದ ಮೇಲಿರುವ ಲೈನ್‌ಮ್ಯಾನ್ ಸಾಯುತ್ತಾನೆ. ಜನರೇಟರ್ ಇರುವವರು ಆ ಸ್ವಿಚ್ ಹಾಕಿಸಲೇಬೇಕು. ಜಗಲಿಯಲ್ಲಿಟ್ಟು ಓಡಿಸಲೂಬಾರದು, ಅದರ ಹೊಗೆಯ ಕಾರ್ಬನ್ ಮಾನಾಕ್ಸೈಡ್ ವಾಸನೆಯೇ ಇಲ್ಲದೆ ಕೊಲ್ಲುತ್ತದೆ.

ವಿದ್ಯುತ್ ಸಹಾಯವಾಣಿ 1912ಕ್ಕೆ ದೂರು ಕೊಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಆದರೆ ಇಪ್ಪತ್ತು ಜನ ಫೋನ್ ಮಾಡಿ 'ಕರೆಂಟ್ ಯಾವಾಗ' ಅಂತ ಕೇಳುವುದಕ್ಕಿಂತ, ಇಬ್ಬರು ಲೈನ್ ಜಾಡು ಹಿಡಿದು ದೂರದಿಂದಲೇ ನೋಡಿಕೊಂಡು ಹೋಗಿ, ಯಾವ ಕಂಬದ ಹತ್ತಿರ ಯಾವ ಮರ ಬಿದ್ದಿದೆ ಅಂತ ಸೆಕ್ಷನ್ ಆಫೀಸಿಗೆ ಹೇಳಿದರೆ ಅವರಿಗೆ ಅರ್ಧ ದಿನದ ಅಲೆದಾಟ ಉಳಿಯುತ್ತದೆ. ಮರ ಕಡಿಯಲು ಕತ್ತಿ ಹಿಡಿದು ಹೋಗುವುದು ಒಳ್ಳೆಯದೇ, ಆದರೆ ಅವರು 'ಎಲ್‌ಸಿ ತಗೊಂಡಿದ್ದೀವಿ' (ಲೈನ್ ಕ್ಲಿಯರ್, ಅಂದರೆ ಲೈನ್ ಆಫ್ ಮಾಡಿಸಿದ ಖಾತ್ರಿ) ಅನ್ನುವ ತನಕ ಮರ ಮುಟ್ಟಬೇಡಿ. ಫ್ಲಾಸ್ಕಿನಲ್ಲಿ ಕಾಫಿ ಇರಲಿ.

ಕರೆಂಟ್ ಬಂದಾಗ ಕುಣಿದಾಡಿ ಎಲ್ಲ ಸ್ವಿಚ್ ಹಾಕಬೇಡಿ. ಗಾಳಿಗೆ ನ್ಯೂಟ್ರಲ್ ತಂತಿ ಕಡಿದಿದ್ದರೆ ಮನೆಗೆ 230ರ ಬದಲು 400ರ ಹತ್ತಿರ ವೋಲ್ಟೇಜ್ ಬರಬಹುದು. ಎಲ್‌ಇಡಿಯಲ್ಲಿ ಇದು ಸುಲಭಕ್ಕೆ ಗೊತ್ತಾಗುವುದಿಲ್ಲ, ವೋಲ್ಟೇಜ್ ಏರಿದರೂ ಅದು ಒಂದೇ ಥರ ಉರಿಯುತ್ತಿರುತ್ತದೆ. ಅದಕ್ಕೆ ನಾನು ಒಂದು ಹಳೇ ಗುಂಡು ಬಲ್ಬ್ ಇಟ್ಟುಕೊಂಡಿದ್ದೇನೆ. ಪ್ಲಗ್‌ಗಳನ್ನೆಲ್ಲ ಕಿತ್ತು, ಮೇನ್ ಹಾಕಿ, ಮೊದಲು ಅದನ್ನು ಉರಿಸಿ ನೋಡುವುದು. ಒಂದು ಸಲ ಕಣ್ಣು ಕುಕ್ಕುವಷ್ಟು ಬೆಳ್ಳಗೆ ಉರಿದು ಠಪ್ ಅಂತ ಹೋಯಿತು. ಟಿವಿ ಉಳಿಯಿತು.

ಬಲ್ಬ್ ಮಾಮೂಲಿ ಥರ ಉರಿದರೆ ಕಾಲು ಗಂಟೆ ಬಿಟ್ಟು ಇನ್ವರ್ಟರ್ ಚಾರ್ಜಿಗೆ ಹಾಕಿ, ಆಮೇಲೆ ಫ್ರಿಜ್. ತೋಟದ ಪಂಪಿಗೆ ಮೂರೂ ಫೇಸ್ ಬಂದಿದೆಯಾ ನೋಡಿಯೇ ಸ್ಟಾರ್ಟರ್ ಒತ್ತಿ. ಒಂದು ಫೇಸ್ ಇಲ್ಲದಿದ್ದರೆ ಕಾಯಿಲ್ ಸುಡುತ್ತದೆ, ರಿವೈಂಡಿಂಗ್ ಅಂಗಡಿಗೆ ಹೋದರೆ ನಿಮಗಿಂತ ಅವಸರದವರ ಮೋಟರುಗಳು ಆಗಲೇ ಅಲ್ಲಿ ಸಾಲಾಗಿ ಕೂತಿರುತ್ತವೆ.