ಅಲ್ಸಾಸಿನ ತಾರ್ತ್ ಫ್ಲಾಂಬೆ: ಲಟ್ಟಿಸುವುದು, ಸುಡುವುದು, ತಿನ್ನುವುದು

ರೈನ್ ನದಿಯ ದಡದ ಅಲ್ಸಾಸ್ 1871ರಲ್ಲಿ ಜರ್ಮನಿಯ ಪಾಲಾಗಿ, 1918ರಲ್ಲಿ ಮರಳಿ ಫ್ರಾನ್ಸಿಗೆ ಸೇರಿದ ಗಡಿಸೀಮೆ. ತೆಳು ಹಿಟ್ಟಿನ ಹಾಳೆಗೆ ಕ್ರೀಮ್, ಈರುಳ್ಳಿ, ಹಂದಿಮಾಂಸ ಹರಡಿ ಸುಡುವ ಅಲ್ಲಿನ ತಿನಿಸಿಗೂ ಎರಡೆರಡು ಹೆಸರು: ಫ್ರೆಂಚಿನಲ್ಲಿ ತಾರ್ತ್ ಫ್ಲಾಂಬೆ, ಊರಿನ ಮಾತಿನಲ್ಲಿ ಫ್ಲಾಮೆಕುಯೆಖ. ಸ್ಟ್ರಾಸ್‌ಬೂರ್ ಹತ್ತಿರದ ಕೊಖರ್ಸ್‌ಬೆರ್ಗ್ ಹಳ್ಳಿಗಳಲ್ಲಿ ಬ್ರೆಡ್ ಸುಡುವ ದಿನ ಒಲೆಯ ಕಾವು ನೋಡಲು ಒಂದಿಷ್ಟು ಹಿಟ್ಟು ಲಟ್ಟಿಸಿ ಒಳಗೆ ತಳ್ಳುತ್ತಿದ್ದರು. ಇನ್ನೂ ಉರಿಯುತ್ತಿದ್ದ ಸೌದೆಯ ಜ್ವಾಲೆ ಅಂಚಿಗೆ ತಾಗುತ್ತಿತ್ತು. ಹೆಸರಿನಲ್ಲಿರುವ ಉರಿ ಅದೇ, ಮದ್ಯ ಸುರಿದು ಹಚ್ಚುವ ಬೆಂಕಿಯಲ್ಲ.

ಎರಡು ದೊಡ್ಡ ಹಾಳೆಗಳಿಗೆ 250 ಗ್ರಾಂ ಮೈದಾ, 5 ಗ್ರಾಂ ಉಪ್ಪು, 2 ಚಮಚ ಎಣ್ಣೆ, ಸುಮಾರು 130 ಮಿಲಿ ನೀರು ಸಾಕು. ಈ ಅಳತೆಗೆ ಯೀಸ್ಟ್ ಬೇಡ. ಐದು ನಿಮಿಷ ಚೆನ್ನಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ನೆನೆಯದ ಹಿಟ್ಟು ಲಟ್ಟಿಸಿದಷ್ಟೂ ರಬ್ಬರಿನಂತೆ ಹಿಂದಕ್ಕೆ ಸರಿಯುತ್ತದೆ. ಹಾಗಾದರೆ ಒತ್ತಾಯ ಮಾಡದೆ ಇನ್ನೂ ಹತ್ತು ನಿಮಿಷ ಬಿಟ್ಟು ಮತ್ತೆ ಲಟ್ಟಣಿಗೆ ಹಿಡಿಯಿರಿ. ದಪ್ಪ ಒಂದೂವರೆ ಮಿಲಿಮೀಟರ್ ಮೀರಬಾರದು, ಅಂದರೆ ಚಪಾತಿಗಿಂತ ತೆಳು. ದಪ್ಪ ಹಾಳೆಯ ಮೇಲೆ ಕ್ರೀಮ್, ಈರುಳ್ಳಿ ಹರಡಿದರೆ ಅದು ಪಿಜ್ಜಾ ಆಗುತ್ತದೆಯೇ ಹೊರತು ಫ್ಲಾಮೆಕುಯೆಖ ಆಗುವುದಿಲ್ಲ.

ಮೇಲೆ ಸವರಲು 100 ಗ್ರಾಂ ಫ್ರೊಮಾಜ್ ಬ್ಲಾಂ ಎಂಬ ಮೆತ್ತನೆಯ ಬಿಳಿ ಚೀಸ್, 100 ಗ್ರಾಂ ಕ್ರೆಮ್ ಫ್ರೆಶ್ ಎಂಬ ತುಸು ಹುಳಿಯ ಗಟ್ಟಿ ಕ್ರೀಮ್, ಚಿಟಿಕೆ ಜಾಯಿಕಾಯಿ ಪುಡಿ, ಕರಿಮೆಣಸು. ಬೆಂಗಳೂರಿನಲ್ಲಿ ಮಾಡುವವರು ಹುಳಿಯಾಗದ ಮೊಸರನ್ನು ನಾಲ್ಕು ಗಂಟೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿ, ಅಷ್ಟೇ ತೂಕದ ಗಟ್ಟಿ ಕ್ರೀಮಿಗೆ ಬೆರೆಸಬಹುದು. ಬರೀ ಮೊಸರು ಕಾವಿಗೆ ಒಡೆದು ನೀರು ಬಿಡುತ್ತದೆ. ಕ್ರೀಮಿನ ಕೊಬ್ಬು ಅದನ್ನು ಹಿಡಿದಿಡುತ್ತದೆ, ಜೊತೆಗೆ ಒಂದು ಚಮಚ ಮೈದಾ ಸೇರಿಸಿದರೆ ಇನ್ನೂ ಭದ್ರ. ಉಪ್ಪು ಕೈಬಿಗಿ ಹಿಡಿದು ಹಾಕಿ, ಏಕೆಂದರೆ ಮೇಲೆ ಉದುರಿಸುವ ಲಾರ್ದೋಂ, ಅಂದರೆ ಹೊಗೆಯಾಡಿಸಿದ ಹಂದಿಮಾಂಸದ ಕಡ್ಡಿಗಳು, ಮೊದಲೇ ಉಪ್ಪಾಗಿರುತ್ತವೆ. ಇವು ಒಂದು ಹಾಳೆಗೆ 75 ಗ್ರಾಂ. ಮಾಂಸ ತಿನ್ನದವರಿಗೆ ಅಣಬೆ ಹಾಕುವ ಬಗೆ ಅಲ್ಸಾಸಿನಲ್ಲೇ ಇದೆ. ಅಣಬೆಯನ್ನು ಬಾಣಲೆಯಲ್ಲಿ ನೀರಾರುವವರೆಗೆ ಹುರಿದೇ ಹಾಕಿ.

ಹಾಳೆಗೊಂದು ಈರುಳ್ಳಿ, ಹಸಿಯಾಗಿಯೇ, ಬೆಳಕು ಕಾಣುವಷ್ಟು ತೆಳ್ಳಗೆ ಹೆಚ್ಚಿ. ಒಲೆಯಲ್ಲಿರುವ ಹೊತ್ತು ಕಡಿಮೆಯಾದ್ದರಿಂದ ದಪ್ಪ ಹೋಳು ಬೇಯುವುದಿಲ್ಲ. ಮುಂಚೆಯೇ ಉಪ್ಪು ಬೆರೆಸಿಟ್ಟರೆ ನೀರೂರಿ ಹಿಟ್ಟು ನೆನೆಯುತ್ತದೆ.

ಸೌದೆ ಒಲೆಯಲ್ಲಿ ಒಂದೆರಡು ನಿಮಿಷದ ಕೆಲಸ. ಮನೆಯ ಓವನ್ನಿನಲ್ಲಿ ಒಂದು ಟ್ರೇಯನ್ನು ಬೋರಲು ಹಾಕಿ, ಅತಿ ಕೆಳಗಿನ ಅಂತಸ್ತಿನಲ್ಲಿಟ್ಟು, 250 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಕಾಯಿಸಿ. ನಡು ಹಸಿಯಾಗಿ ಜೋತುಬೀಳುವುದಕ್ಕೆ ಬಹುಪಾಲು ಕಾರಣ ಕಾಯದ ಟ್ರೇ. ರವೆ ಉದುರಿಸಿದ ಮಣೆಯ ಮೇಲೆ ಹಾಳೆ ಹಾಸಿ, ಅಂಚಿಗೆ ಒಂದು ಸೆಂಟಿಮೀಟರ್ ಬಿಟ್ಟು ಕ್ರೀಮನ್ನು ತೆಳ್ಳಗೆ ಸವರಿ, ಈರುಳ್ಳಿ, ಮಾಂಸ ಹರಡಿ, ತಡಮಾಡದೆ ಕಾದ ಟ್ರೇಗೆ ಜಾರಿಸಿ. ತಡವಾದರೆ ಹಿಟ್ಟು ತೇವ ಹೀರಿ ಮಣೆಗೆ ಅಂಟುತ್ತದೆ. ಎಂಟರಿಂದ ಹತ್ತು ನಿಮಿಷದಲ್ಲಿ ಅಂಚಿನಲ್ಲಿ ಕಪ್ಪು ಚುಕ್ಕೆಗಳೇಳಬೇಕು. ಹೊಂಬಣ್ಣಕ್ಕೇ ಹೆದರಿ ತೆಗೆಯಬೇಡಿ. ಆ ಸುಟ್ಟ ಅಂಚಿನ ಕಹಿ ಕ್ರೀಮಿನ ಹುಳಿಸಿಹಿಗೆ ಬೇಕೇಬೇಕು.

ಮರದ ಹಲಗೆಗೆ ಎಳೆದು ಚೌಕವಾಗಿ ಕತ್ತರಿಸಿ, ತುಂಡನ್ನು ಸುರುಳಿ ಸುತ್ತಿ ಕೈಯಲ್ಲೇ ತಿನ್ನಿ. ಹಾಳೆಗಳನ್ನು ಒಟ್ಟಿಗೆ ಬಡಿಸಬೇಡಿ: ಒಂದು ಮುಗಿಯುತ್ತಿದ್ದಂತೆ ಇನ್ನೊಂದು ಒಲೆಯಿಂದ ಬರಬೇಕು, ಐದು ನಿಮಿಷ ಕಳೆದರೆ ಗರಿಗರಿ ಹೋಯಿತು. ಜೊತೆಗೆ ತಣ್ಣಗಿನ ಸಿಲ್ವಾನರ್ ಅಥವಾ ಪಿನೋ ಬ್ಲಾಂ ವೈನ್, ಬಿಯರೂ ಒಗ್ಗುತ್ತದೆ. ಕಡೆಯ ಹಾಳೆಗೆ ಈರುಳ್ಳಿ, ಮಾಂಸದ ಬದಲು ಸೇಬಿನ ತೆಳು ಹೋಳು, ಸಕ್ಕರೆ, ದಾಲ್ಚಿನ್ನಿ.